ಮೊದಲ ವಿಮಾನ ಅಂಚೆ: ಲಕೋಟೆಯ ಚಿತ್ರ ಹಾಕುವ ಮುನ್ನ ಓದಿ

ಸದಸ್ಯರೇ, ಹಳೆಯ ಲಕೋಟೆಗಳ ಚಿತ್ರ ಹಾಕುವಾಗ 1911 ಮತ್ತು 1932ರ ಎರಡು ವಿಮಾನ ಅಂಚೆ ಹಾರಾಟಗಳನ್ನು ದಯವಿಟ್ಟು ಬೆರೆಸಬೇಡಿ. 1911ರ ಫೆಬ್ರವರಿ 18ರಂದು ಫ್ರೆಂಚ್ ಪೈಲಟ್ ಆನ್ರಿ ಪೆಕೆ ಅಲಹಾಬಾದಿನಿಂದ ಯಮುನೆ ದಾಟಿ ನೈನಿಗೆ ಸುಮಾರು 6,500 ಪತ್ರ ಒಯ್ದದ್ದು ವಸ್ತುಪ್ರದರ್ಶನದ ಅಂಗವಾಗಿ. ಆ ಲಕೋಟೆಗಳ ಮೇಲೆ ‘ಫಸ್ಟ್ ಏರಿಯಲ್ ಪೋಸ್ಟ್’ ಎಂಬ ಮಜೆಂಟಾ (ನೇರಳೆಗೆಂಪು) ಬಣ್ಣದ ದುಂಡು ಮುದ್ರೆ ಇರುತ್ತದೆ. ಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಾಣಲಿ.

ಟಾಟಾ ಕಂಪನಿಯ ವಿಮಾನ ಅಂಚೆ ಸೇವೆ ಶುರುವಾದದ್ದು 1932ರ ಅಕ್ಟೋಬರ್ 15ಕ್ಕೆ. ಕರಾಚಿಯಿಂದ ಮುಂಬೈನ ಜುಹುವರೆಗೆ ವಿಮಾನ ಹಾರಿಸಿದ್ದು ಜೆ.ಆರ್.ಡಿ. ಟಾಟಾ, ಅಲ್ಲಿಂದ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಪೈಲಟ್ ನೆವಿಲ್ ವಿನ್ಸೆಂಟ್. ನಮ್ಮ ಬಳ್ಳಾರಿಯ ಹೆಸರು ಬಿಡಬೇಡಿ! ಕರಾಚಿ–ಜುಹು ದಾರಿಯ ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ, ನಾಲ್ಕು ಗ್ಯಾಲನ್ ಡಬ್ಬಿಗಳಲ್ಲಿ. ವಿಮಾನ ಇಳಿಯುತ್ತಿದ್ದ ಜುಹು ಆಗ ಕಡಲಂಚಿನ ಮಣ್ಣಿನ ನೆಲ. ಮಳೆಗಾಲದಲ್ಲಿ ನೀರು ನಿಂತು ಇಳಿಯಲಾಗದೆ ಸೇವೆ ಪುಣೆಗೆ ಹೋಗುತ್ತಿತ್ತು.