ಒಂದು ವಾರ ಮನೆಯ ಮೀಟರ್ ಓದೋಣ: 7ನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ಬರುವ ಸೋಮವಾರದಿಂದ ಒಂದು ವಾರ ಮಕ್ಕಳಿಗೆ ವಿಜ್ಞಾನದ ಹೋಂವರ್ಕ್ ಎಂದರೆ ಮನೆಯ ವಿದ್ಯುತ್ ಮೀಟರ್ ಓದುವುದು. ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಅಂಕಿಯ ಜೊತೆ ಗಂಟೆಯನ್ನೂ ಬರೆಯಬೇಕು. ಮೀಟರ್‌ನ ಪರದೆಯಲ್ಲಿ ದಿನಾಂಕ, ವೇಳೆ, ವೋಲ್ಟೇಜ್ ಎಲ್ಲವೂ ಸರದಿಯಂತೆ ಬಂದು ಹೋಗುತ್ತವೆ; ಮಕ್ಕಳು ಎಡವುವುದು ಇಲ್ಲೇ. ಕೆಡಬ್ಲ್ಯೂಎಚ್ (kWh, ಅಂದರೆ ಬಿಲ್ಲಿನ ಯೂನಿಟ್) ಎಂದಿರುವ ಅಂಕಿಯನ್ನಷ್ಟೇ, ದಶಮಾಂಶ ಸಮೇತ ಬರೆಯಲಿ. ಮೀಟರ್ ಎತ್ತರದಲ್ಲಿದ್ದರೆ ನೀವೇ ಓದಿ ಹೇಳಿ. ಸ್ಟೂಲ್ ಹತ್ತುವುದು, ಪೆಟ್ಟಿಗೆ ತೆರೆಯುವುದು ಬೇಡವೇ ಬೇಡ.

ಒಂದು ಸಂಜೆ ಮಕ್ಕಳ ಜೊತೆ ನಿಂತು ಇನ್ನೊಂದು ಪರೀಕ್ಷೆ ಮಾಡಿ. ದೀಪ, ಫ್ಯಾನ್, ಫ್ರಿಜ್ ಆರಿಸಿ; ಉಳಿದವನ್ನು ಅವುಗಳದೇ ಬಟನ್ ಇಲ್ಲವೇ ರಿಮೋಟ್‌ನಿಂದ ಆರಿಸಿ, ಅವುಗಳ ಪ್ಲಗ್ ಮತ್ತು ಗೋಡೆಯ ಸ್ವಿಚ್ ಮಾತ್ರ ಎಂದಿನಂತೆ ಬಿಡಿ. (ಕಾಯಿಲೆಯವರ ಉಪಕರಣ ಮುಟ್ಟಬೇಡಿ. ಫ್ರಿಜ್ ಹದಿನೈದು ನಿಮಿಷದೊಳಗೆ ಮತ್ತೆ ಚಾಲೂ ಆಗಲಿ.) ಈಗ ಮೀಟರ್‌ನ ಪುಟ್ಟ ಕೆಂಪು ದೀಪ ನೋಡಿ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದು ಮೀಟರ್ ಮೇಲೆಯೇ ಅಚ್ಚಾಗಿರುತ್ತದೆ. 3200 ಎಂದಿದ್ದರೆ, ಒಂದು ಮಿನುಗಿನಿಂದ ಇನ್ನೊಂದಕ್ಕೆ ಹಿಡಿಯುವ ಸೆಕೆಂಡುಗಳಿಂದ 1125ನ್ನು ಭಾಗಿಸಿ. ಬರುವ ಉತ್ತರವೇ ವ್ಯಾಟ್. ಬೇರೆ ಸಂಖ್ಯೆಯಿದ್ದರೆ 36,00,000ವನ್ನು ಅದರಿಂದ ಭಾಗಿಸಿ, 1125ರ ಬದಲು ಆ ಉತ್ತರ ಬಳಸಿ.

25 ಸೆಕೆಂಡಿಗೊಮ್ಮೆ ಮಿನುಗಿತು ಎನ್ನಿ. ಅಂದರೆ 45 ವ್ಯಾಟ್, ಎಲ್ಲ ಆರಿಸಿದ ಮನೆಯಲ್ಲಿ! ತಿಂಗಳಿಗೆ 32 ಯೂನಿಟ್ ಸದ್ದಿಲ್ಲದೆ ಹೋಗುತ್ತಿದೆ. ಒಂದೊಂದೇ ಪ್ಲಗ್ ಕಿತ್ತು ಮತ್ತೆ ಎಣಿಸಿದರೆ ಯಾವುದು ಎಂದು ಸಿಕ್ಕಿಬೀಳುತ್ತದೆ. ಹೆಚ್ಚಾಗಿ ಅದು ರಿಮೋಟ್‌ನಲ್ಲಿ ಮಾತ್ರ ಆರಿಸಿದ ಸೆಟ್‌ಟಾಪ್ ಬಾಕ್ಸ್, ಇಲ್ಲವೇ ಬ್ಯಾಟರಿ ಚಾರ್ಜ್ ಮಾಡುತ್ತಿರುವ ಇನ್ವರ್ಟರ್. ಖಾಲಿ ನೇತಾಡುವ ಮೊಬೈಲ್ ಚಾರ್ಜರ್ ಎಳೆಯುವುದು ತೀರಾ ಕಡಿಮೆ, ಅದಕ್ಕಾಗಿ ಮಕ್ಕಳನ್ನು ಬೈಯಬೇಕಿಲ್ಲ.

ಬಲ್ಬ್ ಆರಿಸಲಿಲ್ಲ ಎಂದು ಬೈಯುವುದೂ ಅಷ್ಟೇ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಹತ್ತು ಗಂಟೆ ಉರಿದರೂ 0.09 ಯೂನಿಟ್. 2 ಕಿಲೋವ್ಯಾಟ್‌ನ ಗೀಸರ್ ಹದಿನೈದೇ ನಿಮಿಷಕ್ಕೆ ಅರ್ಧ ಯೂನಿಟ್ ತಿನ್ನುತ್ತದೆ. 15 ಲೀಟರ್ ನೀರನ್ನು ಸುಮಾರು 30 ಡಿಗ್ರಿ ಏರಿಸಲು ಅಷ್ಟು ಸಾಕು. ಸ್ನಾನಕ್ಕೆ ಕಾಲು ಗಂಟೆ ಮುಂಚೆ ಹಾಕಿ, ಸ್ನಾನಕ್ಕೆ ಇಳಿಯುವ ಮುನ್ನ ಆರಿಸಿ. ಹಾಗೇ ಬಿಟ್ಟರೆ ಟ್ಯಾಂಕ್ ತಣ್ಣಗಾದಾಗಲೆಲ್ಲ ಥರ್ಮೋಸ್ಟಾಟ್ ಮತ್ತೆ ಮತ್ತೆ ಕಾಯಿಸುತ್ತಲೇ ಇರುತ್ತದೆ.

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಮುಚ್ಚಿ. ಎಳೆದರೆ ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಸಡಿಲ. ಮೊದಲು ಸೋಪಿನ ನೀರಿನಲ್ಲಿ ಒರೆಸಿ ನೋಡಿ, ಎಷ್ಟೋ ಸಲ ಜಿಡ್ಡೇ ಕಾರಣ. ಹಳೆಯ ಫ್ಯಾನ್ ಸುಮಾರು 75 ವ್ಯಾಟ್, ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟರ್ ಇರುವ ಫ್ಯಾನ್ ಸುಮಾರು 30. ದಿನವಿಡೀ ತಿರುಗುವ ಕೋಣೆಯದನ್ನು ಮೊದಲು ಬದಲಿಸಿ. ಎಸಿ ಇದ್ದರೆ 24ರಿಂದ 26 ಡಿಗ್ರಿಗೆ ಇಟ್ಟು ಫ್ಯಾನ್ ಹಾಕಿ, ಫಿಲ್ಟರ್ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ.

ಮನೆಮಂದಿಯ ಸಂಖ್ಯೆ ಒಂದೇ ಇರುವುದಿಲ್ಲ, ಆದ್ದರಿಂದ ಒಂದು ಮನೆಯ ಅಂಕಿಯನ್ನು ಇನ್ನೊಂದರ ಜೊತೆ ತರಗತಿಯಲ್ಲಿ ಹೋಲಿಸುವುದಿಲ್ಲ. ಹೆಚ್ಚು ಬಂದರೆ ಸಂಕೋಚ ಬೇಡ. ವಾರ ಮುಗಿದ ಮೇಲಿನ ಸೋಮವಾರ ಮೀಟರ್ ಅಂಕಿ ಬರೆದ ಹಾಳೆಯನ್ನು ಸಹಿ ಮಾಡಿ ಕಳುಹಿಸಿ. ಯಾವುದಾದರೂ ದಿನ ಬರೆಯಲು ಮರೆತಿದ್ದರೆ ಆ ಸಾಲು ಖಾಲಿ ಬಿಡಿ, ಅಂದಾಜಿನ ಅಂಕಿ ತುಂಬಿಸಬೇಡಿ.

ಇಂತಿ,
ಮುಖ್ಯ ಶಿಕ್ಷಕಿ