ಜೀನಿ ನೋಡಿದ ಮೇಲೆ ನಿನಗೊಂದು ಮಾತು

ಬಾಗಲಕೋಟೆ

ಪ್ರೀತಿಯ ಮಗಳೇ,

ರಜೆಗೆ ಬಂದಾಗ ನೀನು ಟಿವಿಯಲ್ಲಿ ಹಚ್ಚಿಕೊಟ್ಟಿದ್ದೆಯಲ್ಲ, 'ಐ ಡ್ರೀಮ್ ಆಫ್ ಜೀನಿ' ಅನ್ನೋ ಅಮೆರಿಕದ ಹಾಸ್ಯ ಧಾರಾವಾಹಿ, ಅದರ ಮೊದಲ ಕಂತನ್ನು ನಿನ್ನೆ ರಾತ್ರಿ ಪೂರ್ತಿ ನೋಡಿದೆ. 1965ರದ್ದು, ಕಪ್ಪು ಬಿಳುಪು. ನೀನು ಓದುವ ಕಾದಂಬರಿಗಳ ಸಿಡ್ನಿ ಶೆಲ್ಡನ್ನೇ ಇದನ್ನೂ ಬರೆದದ್ದಂತೆ. ನಿಮ್ಮಪ್ಪ ನಕ್ಕಿದ್ದೇ ನಕ್ಕಿದ್ದು.

ನನ್ನ ಮನಸ್ಸಿಗೆ ಹತ್ತಿದ್ದು ಬೇರೆ. ಗಗನಯಾತ್ರಿ ಟೋನಿ ದಾರಿ ತಪ್ಪಿ ಒಂದು ನಡುಗಡ್ಡೆಯಲ್ಲಿ ಬಂದು ಬೀಳುತ್ತಾನೆ. ದಂಡೆಯಲ್ಲಿ ಸಿಕ್ಕ ಸೀಸೆ ಉಜ್ಜಿದರೆ ಹೊಗೆ ಎದ್ದು ಜೀನಿ ಅನ್ನೋ ಮಾಯಾವಿ ಹುಡುಗಿ ಹೊರಗೆ ಬರುತ್ತಾಳೆ. ಅವನಿಗಾಗಿ ಹೆಲಿಕಾಪ್ಟರನ್ನೂ ತರಿಸುತ್ತಾಳೆ. ಇಂಥವಳು ಸಿಕ್ಕರೆ ಯಾರು ಬಿಡುತ್ತಾರೆ? ಅವನು ಬಿಡುತ್ತಾನೆ! ಇನ್ನು ನಿನ್ನ ದಾರಿ ನಿನಗೆ ಅಂತ ಬಿಡುಗಡೆ ಮಾಡುತ್ತಾನೆ. ಅವಳು ಹೋಗಬಹುದಿತ್ತು. ಹೋಗಲಿಲ್ಲ. ಸೀಸೆ ಸಮೇತ ಉರುಳಿ ಉರುಳಿ ಅವನ ಚೀಲ ಸೇರಿಬಿಟ್ಟಳು. ಯಾರೂ ಹೇಳಿ ಮಾಡಿಸಿದ್ದಲ್ಲ, ಅವಳದೇ ಮನಸ್ಸು. ಅದು ನನಗೆ ತುಂಬಾ ಹಿಡಿಸಿತು.

ಆಮೇಲೂ ಅವನನ್ನು 'ಒಡೆಯಾ' ಅಂತಲೇ ಕರೆಯುತ್ತಾಳೆ, ಅದು ಸೇರಲಿಲ್ಲ. ನೀನು ಯಾರನ್ನೂ ಹಾಗೆ ಕರೆಯಬೇಕಿಲ್ಲ. ಪಾಪ, ಅವನಿಗೆ ಮೊದಲೇ ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳಿದ್ದಾಳೆ, ಅವಳನ್ನು ನೆನೆದು ಬೇಜಾರೂ ಆಯಿತು.

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ತೇರಿಗೆ ಹೋದಾಗ ನಿಮ್ಮತ್ತಿ ನಿನಗೆ ಒಳ್ಳೆ ವರ ಸಿಗಲಿ ಅಂತ ಹರಕೆ ಹೊತ್ತಿದ್ದಾಳೆ. ಪ್ರೀತಿಯಿಂದಲೇ ಹೊತ್ತದ್ದು. ಆದರೆ ನಿನ್ನ ಆಸೆ ಏನು ಅಂತ ನಿನ್ನ ಬಾಯಿಂದಲೇ ಕೇಳಬೇಕು ನನಗೆ. ನೌಕರಿ, ಮನೆ, ಹೊಲ ಎಲ್ಲ ಅಪ್ಪ ವಿಚಾರಿಸುತ್ತಾರೆ. ನಾನು ಕೇಳುವುದು ಅದಲ್ಲ. ನೀನು ಬೇಡ ಅಂದಾಗ ಮುಖ ಗಂಟು ಹಾಕದವನು ಬೇಕಾ? ನೀನು ತಡವಾಗಿ ಬಂದ ದಿನ ತಾನೇ ಎದ್ದು ರೊಟ್ಟಿ ಬಡಿಯುವವನು ಬೇಕಾ? ಸಣ್ಣದು ದೊಡ್ಡದು ಅಂತ ನೋಡಬೇಡ, ಎಲ್ಲ ಹೇಳು. ಮನಸ್ಸಿನಲ್ಲಿ ಯಾರಾದರೂ ಇದ್ದರೆ ಅದನ್ನೂ ಹೇಳು, ನಾನು ಬೈಯುವುದಿಲ್ಲ.

ಅವಸರವೂ ಇಲ್ಲ. ಟೋನಿ, ಜೀನಿಯ ಮದುವೆ ಆಗಿದ್ದು ಐದನೇ ಸೀಸನ್ನಿನಲ್ಲಿ, 1969ರಲ್ಲಿ. ನಾಲ್ಕು ವರ್ಷ ಹಿಡಿಯಿತು ಅಲ್ವಾ?

ಅಮೀನಗಡದ ಕರದಂಟು ಕಳಿಸಿದ್ದೇನೆ, ರೂಮಿನ ಗೆಳತಿಯರಿಗೂ ಕೊಡು. ಮುಧೋಳದವರು ಮುಂದಿನ ವಾರ ನೋಡಲು ಬರುತ್ತೇವೆ ಅಂದಿದ್ದಾರೆ. ಮಗಳನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಬರಲೋ ಬೇಡವೋ ನೀನೇ ಹೇಳು.

ನಿನ್ನ ಅವ್ವ