ನಾಲೆ, ಬದು, ಎರಡು ಕಾಗದದ ಬೊಂಬೆ

ಸ್ಟುಟ್‌ಗಾರ್ಟ್‌ನಿಂದ

ಪ್ರೀತಿಯ ಅಕ್ಕನಿಗೆ ನಮಸ್ಕಾರ. ಅಪ್ಪ, ಅಮ್ಮ, ಭಾವ ಎಲ್ಲರಿಗೂ ತಿಳಿಸು. ನಾವಿಲ್ಲಿ ಕ್ಷೇಮ.

ಮಾತಿಲ್ಲದ ಕಾರ್ಟೂನು ತರಗತಿಯಲ್ಲಿ ತೋರಿಸಬೇಕು, ಆಮೇಲೆ ಮಕ್ಕಳ ಕೈಲೇ ಒಂದು ಮಾಡಿಸಬೇಕು ಅಂದಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಈ ಕಾಗದ. ಕಬ್ಬು ಕಡಿಯೋಕೆ ಹೊರಗಿನಿಂದ ಬಂದವರ ಮಕ್ಕಳೂ ಅದೇ ಕೋಣೆಯಲ್ಲಿ ಕೂತಿರುವಾಗ ಈ ಬಗೆಯ ಚಿತ್ರಕ್ಕಿಂತ ಒಳ್ಳೇದಿಲ್ಲ. ಮನೆಯಲ್ಲಿ ಯಾವ ಭಾಷೆ ಆಡಿದರೂ ನಗು ಬರೋದು ಒಂದೇ ಜಾಗದಲ್ಲಿ.

ತೋರಿಸೋಕೆ 2000ದಲ್ಲಿ ಅಮೆರಿಕದ ಪಿಕ್ಸರ್ ಅನ್ನೋ ಕಾರ್ಟೂನು ಕಂಪನಿಯವರು ಮಾಡಿದ ‘ಫಾರ್ ದಿ ಬರ್ಡ್ಸ್’ ಇಂದ ಶುರು ಮಾಡು; ಮೂರು ನಿಮಿಷ ಚಿಲ್ಲರೆ. ತಂತಿ ಮೇಲೆ ಸಾಲಾಗಿ ಕೂತ ಪುಟ್ಟ ಹಕ್ಕಿಗಳು, ಸ್ನೇಹಕ್ಕೆ ಬಂದ ದೊಡ್ಡ ಹಕ್ಕಿಯನ್ನ ಅಣಕಿಸ್ತವೆ. ಅದು ಬಂದು ನಡುವೆ ಕೂತಾಗ ತಂತಿ ಜಗ್ಗುತ್ತೆ. ಇವು ಅದರ ಕಾಲ್ಬೆರಳನ್ನ ಕುಕ್ಕಿ ಕುಕ್ಕಿ ಬಿಡಿಸ್ತವೆ. ಹಿಡಿತ ತಪ್ಪಿದ್ದೇ ತಡ, ಜಗ್ಗಿದ್ದ ತಂತಿ ಬಿಲ್ಲಿನ ಹೆದೆಯಂತೆ ಚಿಮ್ಮಿ ಕುಕ್ಕಿದವರನ್ನೇ ಮೇಲಕ್ಕೆಸೆಯುತ್ತೆ. ಬುದ್ಧಿ ಹೇಳೋಕೆ ಯಾರೂ ಬರಲಿಲ್ಲ, ತಂತಿಯೇ ಹೇಳಿತು. ಮಾಡಿದ ತಪ್ಪೇ ಅದರ ಫಲವನ್ನೂ ಎಳೆದು ತರಬೇಕು, ಅದೂ ಕಣ್ಣಿಗೆ ಕಾಣೋ ಒಂದು ವಸ್ತುವಿನ ಮೂಲಕ. ನಿನ್ನ ಮಕ್ಕಳ ಕತೆಗೂ ಇಂಥ ಒಂದು ‘ತಂತಿ’ ಸಿಗೋವರೆಗೆ ಕತ್ತರಿ ಮುಟ್ಟಬೇಡ.

ಮೊದಲ ಸಲ ಎಲ್ಲೂ ನಿಲ್ಲಿಸದೆ ತೋರಿಸು. ಎರಡನೇ ಸಲ, ದೊಡ್ಡ ಹಕ್ಕಿ ತಲೆಕೆಳಗಾಗಿ ನೇತಾಡುವಾಗ ನಿಲ್ಲಿಸಿ ‘ಮುಂದೇನಾಗುತ್ತೆ, ಯಾಕೆ?’ ಅಂತ ಕೇಳು. ‘ಇದರಿಂದ ತಿಳಿದುಬರುವ ನೀತಿ ಏನು’ ಅಂತ ಮಾತ್ರ ಕೇಳಬೇಡ. ಕೇಳಿದೆಯೋ, ಮಕ್ಕಳು ಚಿತ್ರ ಬಿಟ್ಟು ನಿನ್ನ ಮುಖ ನೋಡ್ತಾ ಪಾಠದ ಕೊನೆಯ ಉತ್ತರ ಹುಡುಕ್ತಾರೆ.

ಇನ್ನು ಮಾಡಿಸೋದು. ಬೊಂಬೆಯನ್ನ ಚೂರು ಚೂರೇ ಸರಿಸ್ತಾ ಒಂದೊಂದು ಫೋಟೋ ತೆಗೆದು, ಆಮೇಲೆ ಸಾಲಾಗಿ ಓಡಿಸಿದರೆ ಅದು ನಡೆದ ಹಾಗೆ ಕಾಣುತ್ತೆ. ಜೇಡಿಮಣ್ಣಿನ ಬೊಂಬೆ ಬೇಡ. ದೀಪದ ಬಿಸಿಗೆ ಒಣಗಿ ಬಿರುಕು ಬಿಡುತ್ತೆ, ಮೊದಲ ಫೋಟೋದ ಮುಖ ಐವತ್ತನೇ ಫೋಟೋದಲ್ಲಿ ಇರಲ್ಲ. ಅಂಗಡಿಯ ಎಣ್ಣೆ ಕ್ಲೇ ಒಣಗೋದಿಲ್ಲ, ಆದರೆ ನಮ್ಮ ಬೇಸಿಗೆಗೆ ಮೆತ್ತಗಾಗಿ ಬೊಂಬೆ ಬಾಗುತ್ತೆ. ಕಪ್ಪು ಕಾಗದದ ನೆರಳುಬೊಂಬೆಯೇ ಸಲೀಸು. ನಾಗಮಂಗಲದ ಕಡೆಯ ತೊಗಲುಗೊಂಬೆಯಲ್ಲಿ ಕೈಕಾಲು ಬೇರೆ ಬೇರೆ ಕತ್ತರಿಸಿ ದಾರದಲ್ಲಿ ಕೀಲು ಹಾಕಿರ್ತಾರಲ್ಲ, ಅದೇ ಕ್ರಮ. ಇಲ್ಲಿ ಜರ್ಮನಿಯ ಲೊಟ್ಟೆ ರೈನಿಗರ್ ಅನ್ನೋ ಹೆಣ್ಣುಮಗಳು 1926ರಲ್ಲೇ ರಟ್ಟು, ತೆಳು ಸೀಸದ ತಗಡು, ತಂತಿಯ ಕೀಲಿನಿಂದ ಒಂದು ಗಂಟೆಗೂ ಮೀರಿದ ನೆರಳುಚಿತ್ರ ಮಾಡಿದಳು: ಬೊಂಬೆ ಗಾಜಿನ ಮೇಲೆ, ದೀಪ ಕೆಳಗೆ, ಕ್ಯಾಮೆರಾ ಮೇಲೆ. ಆಕೆಯ ಬೊಂಬೆಗಳನ್ನ ಇಲ್ಲೇ ಹತ್ತಿರದ ಟ್ಯೂಬಿಂಗನ್ ಊರಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ.

ಅವಳ ಮೇಜನ್ನ ನಿನ್ನ ತರಗತಿಯಲ್ಲಿ ಹೀಗೆ ಕಟ್ಟು. ಎರಡು ಬೆಂಚು, ನಡುವೆ ಮುಕ್ಕಾಲು ಅಡಿ ಸಂದು. ಸಂದಿನ ಮೇಲೆ, ಅದರ ಉದ್ದಕ್ಕೇ, ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಗಾಜು; ಅಂಚಿಗೆಲ್ಲ ಟೇಪು ಸುತ್ತು. ಚಿಕ್ಕ ಮಕ್ಕಳು ಕೈಯೂರಿ ನಿಲ್ಲೋದರಿಂದ ಅಕ್ರಿಲಿಕ್ ಹಾಳೆ ಸಿಕ್ಕರೆ ಇನ್ನೂ ಮೇಲು. ಅದರ ಮೇಲೆ ಎರಡು ಪದರ ಬಟರ್ ಪೇಪರ್. ಕೆಳಗೆ ನೆಲದ ಮೇಲೆ ಬಿಳಿ ಪಂಚೆ ಹಾಸಿ, ಎಲ್ಇಡಿ ಬಲ್ಬನ್ನ ಪಂಚೆ ಕಡೆ ತಿರುಗಿಸು. ಬಲ್ಬು ನೇರ ಮೇಲೆ ನೋಡಿದರೆ ನಡುವೆ ಬೆಳಕಿನ ಗುಡ್ಡೆ ಬಿದ್ದು ಅಂಚೆಲ್ಲ ಕತ್ತಲಾಗುತ್ತೆ. ಕ್ಯಾಮೆರಾ ಸ್ಟ್ಯಾಂಡಿಗೆ ದುಡ್ಡು ಹಾಕಬೇಡ: ನಡುವೆ ತೂತಿರೋ ಪ್ಲಾಸ್ಟಿಕ್ ಸ್ಟೂಲನ್ನ ಗಾಜಿಗೆ ಅಡ್ಡಲಾಗಿ ಇಟ್ಟು, ತೂತಿಗೆ ಕ್ಯಾಮೆರಾ ಸರಿಯಾಗಿ ಕೂರೋ ಹಾಗೆ ಫೋನು ಮಲಗಿಸು. ಸ್ಟೂಲಿನ ಕಾಲು ಬೆಂಚಿನ ಮೇಲಿರಲಿ, ಗಾಜಿನ ಮೇಲೆ ಬೇಡ. ಆ ಕಾಲುಗಳು ಚಿತ್ರದೊಳಗೆ ನುಗ್ಗುತ್ತವೆ, ಜೂಮ್ 2ಕ್ಕೆ ಇಟ್ಟರೆ ಆಚೆ ಹೋಗ್ತವೆ. ಆಗ ಕಾಣೋ ಅಗಲ ಸುಮಾರು ಒಂದಡಿ. ಅದಕ್ಕೆ ಮೂರಿಂಚಿನ ಬೊಂಬೆ ಸಾಕು. ಹಳೇ ಲಗ್ನಪತ್ರಿಕೆಯ ರಟ್ಟಿಗೆ ಕಪ್ಪು ಕಾಗದ ಅಂಟಿಸಿ ಕತ್ತರಿಸಿ, ಹೂ ಕಟ್ಟೋ ದಾರದಿಂದ ಕೀಲು ಹಾಕಿ. ಗಂಟು ಬಿಗಿಯಿರಲಿ, ಸಡಿಲಾದರೆ ಕೈ ಎತ್ತಿದಾಗ ಭುಜವೂ ಜೊತೆಗೇ ಜಾರುತ್ತೆ. ಎಲ್ಲರೂ ಪಕ್ಕಕ್ಕೆ ತಿರುಗಿರಬೇಕು. ನೆರಳಿನಲ್ಲಿ ಎದುರಿನಿಂದ ನೋಡಿದರೆ ಗುದ್ದಲಿ ಹಿಡಿದವನಿಗೂ ಕೈಕಟ್ಟಿ ನಿಂತವನಿಗೂ ವ್ಯತ್ಯಾಸ ಕಾಣಲ್ಲ.

ಕತೆಗೆ ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯೇ ಇದೆಯಲ್ಲ. ಮೇಲೊಂದು ಗದ್ದೆ, ಕೆಳಗೊಂದು, ನಡುವೆ ಕಾಲುವೆ. ಮೇಲಿನವನು ಒಂದು ಹೆಂಟೆ ಅಡ್ಡ ಇಡ್ತಾನೆ, ಕೆಳಗಿನ ಪೈರು ಬಾಗುತ್ತೆ. ಇನ್ನೊಂದು ಹೆಂಟೆ, ಮತ್ತೊಂದು. ನೀರು ಅವನ ಕಡೆಯೇ ಏರಿ ಏರಿ ಅವನದೇ ಬದು ಒಡೆದು, ಅವನ ಪೈರನ್ನೇ ಕೊಚ್ಚಿಕೊಂಡು ಕೆಳಗಿನವನ ಗದ್ದೆಗೆ ಬೀಳುತ್ತೆ. ಇಲ್ಲಿ ‘ತಂತಿ’ ಅಂದರೆ ಬದು. ಕೊನೆಗೆ ಇಬ್ಬರೂ ಕೈಕುಲುಕಬೇಕು ಅಂತ ಮಕ್ಕಳು ಹಟ ಹಿಡೀತಾರೆ, ಬಿಡಬೇಡ. ಕೆಳಗಿನವನು ಒಂದು ಮಂಕರಿ ಮಣ್ಣು ಹೊತ್ತು ಬಂದು ಒಡೆದ ಜಾಗದಲ್ಲಿ ಇಳಿಸಿದ, ಅಲ್ಲಿಗೆ ನಿಲ್ಲಿಸು. ನಿಜವಾದ ನೀರು ಬಳಸೋಕಾಗಲ್ಲ, ಅದು ಫೋಟೋ ಫೋಟೋಗೂ ತನ್ನಿಷ್ಟದಂತೆ ಹರಿಯುತ್ತೆ. ನೀಲಿ ಜಿಲೆಟಿನ್ ಕಾಗದದ ಪಟ್ಟಿ ಹಾಕು. ಒಂದು ಪದರ ತಿಳಿನೀಲಿ, ಮೂರು ಪದರ ಕಡುನೀಲಿ. ನೀರು ಆಳವಾಗ್ತಿದೆ ಅಂತ ಯಾರೂ ಹೇಳಬೇಕಾಗಿಲ್ಲ.

ಸೆಕೆಂಡಿಗೆ 12 ಫೋಟೋ ಲೆಕ್ಕದಲ್ಲಿ ಒಂದು ನಿಮಿಷಕ್ಕೆ 720. ಮಕ್ಕಳು ನಿಮಿಷಕ್ಕೆ ಎರಡು ತೆಗೆದರೂ ಆರು ಗಂಟೆ. ಅದು ಹೆಚ್ಚಾಯಿತು ಅನ್ನಿಸಿದರೆ ಸೆಕೆಂಡಿಗೆ 8 ಇಟ್ಟುಕೋ, 480ಕ್ಕೆ ಇಳಿಯುತ್ತೆ. ನಡಿಗೆ ಸ್ವಲ್ಪ ತಡೆದು ತಡೆದು ಸಾಗುತ್ತೆ, ನೆರಳುಬೊಂಬೆಗೆ ಅದೂ ಒಪ್ಪುತ್ತೆ. ಪ್ರತಿ ಫೋಟೋಗೂ ಒಂದೇ ಅಳತೆ ಸರಿಸಿದರೆ ಬೊಂಬೆ ಯಂತ್ರದ ಹಾಗೆ ಜಾರುತ್ತೆ. ಹೊರಡುವಾಗ 2 ಮಿಲಿಮೀಟರು, ಆಮೇಲೆ 4, ನಡುವೆ 8, ನಿಲ್ಲುವಾಗ ಮತ್ತೆ 4, 2. ಗುದ್ದಲಿ ಬೀಸೋ ಮುಂಚೆ ಮೂರು ಫೋಟೋದಲ್ಲಿ ಕೈ ಹಿಂದಕ್ಕೆ ಹೋಗಲಿ. ಬದು ಒಡೆಯೋ ಮುಂಚೆ ಒಂದು ಸೆಕೆಂಡು ಯಾರೂ ಅಲುಗಬಾರದು. ಮಾತಿಲ್ಲದ ಚಿತ್ರದಲ್ಲಿ ನೋಡುವವನು ಯೋಚಿಸೋದು ಆ ಸೆಕೆಂಡಿನಲ್ಲೇ, ಹೊಸಬರು ಮೊದಲು ಕತ್ತರಿಸೋದೂ ಅದನ್ನೇ.

ಕೆಡೋದು ಹೆಚ್ಚಾಗಿ ಬೆಳಕಿನಿಂದ. ಟ್ಯೂಬ್‌ಲೈಟ್ ಆರಿಸು: 50 ಹರ್ಟ್ಸ್ ಕರೆಂಟಿಗೆ ಅದು ಸೆಕೆಂಡಿಗೆ 100 ಸಲ ಏರಿಳಿಯುತ್ತೆ, ಫೋಟೋಗಳಲ್ಲಿ ಪಟ್ಟೆ ಬಿದ್ದು ಚಿತ್ರ ಮಿಣುಕುತ್ತೆ. ಅಗ್ಗದ ಎಲ್ಇಡಿಗೂ ಆ ರೋಗ ಇರುತ್ತೆ. ಫೋನಿನ ಕ್ಯಾಮೆರಾದಲ್ಲಿ ‘ಪ್ರೊ’ ಮೋಡ್ ಇದ್ದರೆ ಶಟರನ್ನ, ಅಂದರೆ ಒಂದು ಫೋಟೋಗೆ ಬೆಳಕು ಬಿಡೋ ಹೊತ್ತನ್ನ, 1/50 ಸೆಕೆಂಡಿಗೆ ಇಡು. ಇಲ್ಲದಿದ್ದರೆ ಪರದೆಯನ್ನ ಒತ್ತಿ ಹಿಡಿದು ಫೋಕಸ್ಸು, ಬೆಳಕು ಎರಡನ್ನೂ ಲಾಕ್ ಮಾಡು. ಕಿಟಕಿ ಮುಚ್ಚು, ಮೋಡ ಬಂದು ಹೋದದ್ದೆಲ್ಲ ಚಿತ್ರದಲ್ಲಿ ಕಾಣುತ್ತೆ. ಫ್ಯಾನ್ ಆರಿಸೋದು ಮರೀಬೇಡ, ಒಂದು ಗಾಳಿಗೆ ಇಡೀ ನಾಲೆ ಹಾರಿಹೋಗುತ್ತೆ. ಫೋನು ಏರೋಪ್ಲೇನ್ ಮೋಡಿನಲ್ಲಿರಲಿ. ಗುಂಡಿಯನ್ನ ಬೆರಳಿನಿಂದ ಒತ್ತಿದರೆ ಫೋನು ಜರುಗುತ್ತೆ. ತುಂಬಾ ಫೋನುಗಳಲ್ಲಿ ಇಯರ್‌ಫೋನ್ ವೈರಿನ ವಾಲ್ಯೂಮ್ ಗುಂಡಿಯಿಂದಲೇ ಫೋಟೋ ಬರುತ್ತೆ. ಜೋಡಿಸೋಕೆ ‘ಸ್ಟಾಪ್ ಮೋಷನ್ ಸ್ಟುಡಿಯೋ’ ಅನ್ನೋ ಆ್ಯಪ್ ಸಾಕು, ಹಿಂದಿನ ಫೋಟೋವನ್ನ ಮಸುಕಾಗಿ ತೋರಿಸೋದರಿಂದ ಎಷ್ಟು ಸರಿಸಿದೆವು ಅನ್ನೋದು ಗೊತ್ತಾಗುತ್ತೆ.

ಮಾತಿಲ್ಲ ಅಂದರೆ ಸದ್ದಿಲ್ಲ ಅಂತಲ್ಲ. ಚೊಂಬಿನಿಂದ ಚೊಂಬಿಗೆ ನೀರು, ಬದು ಒಡೆಯೋಕೆ ಒದ್ದೆ ಗೋಣಿಚೀಲ ಕಲ್ಲಿಗೆ ಬಡಿದ ಸದ್ದು, ಮಕ್ಕಳ ಬಾಯಿಂದ ‘ಹೂಂ’, ‘ಉಹುಂ’. ‘ಅಯ್ಯೋ’ ಮಾತೋ ಅಲ್ಲವೋ ಅನ್ನೋ ಜಗಳ ಎದ್ದೇ ಏಳುತ್ತೆ, ಬಿಟ್ಟುಬಿಡು. ಪಿಟೀಲು ಮಾತ್ರ ಹಾಕಬೇಡ, ಅದೂ ಒಂಥರಾ ಉಪದೇಶವೇ.

ಮೊದಲ ದಿನ ಇಪ್ಪತ್ತು ಫೋಟೋ ಮಾತ್ರ ತೆಗೆಸಿ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸು. ಬರೀ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ, ಪಟ್ಟೆ ಇದೆಯೋ ಇಲ್ಲವೋ ಇಲ್ಲಿಂದ ಕಾಣಲ್ಲ.

ಇಂತಿ ನಿನ್ನ ತಮ್ಮ